ಕುಜನ ಕೆಳಗಿನ ಸಾಲುಗಳು

ಸಂತೆಪೇಟೆಯ ಅಚ್ಚುಕೂಟದಲ್ಲಿ
ಪುಟಕ್ಕೆ ನಾಲ್ಕಾಣೆಯಂತೆ ಕರಡು ತಿದ್ದುತ್ತಿದ್ದೆ.
ಗುಂಡಪ್ಪಶೆಟ್ಟರಿಗೆ ಒಂದು ಹುಚ್ಚು:
ಹಾಸನದ್ದೇ ಆದ ಇಂಗ್ಲಿಷ್-ಕನ್ನಡ ನಿಘಂಟು,
ಜೇಬಿಗೆ ಹಿಡಿಸುವಂಥದು, ಹೆಸರುಗಳೂ ಇರಬೇಕು,
ಕಾನ್ವೆಂಟಿನವರು ಕೊಳ್ಳುತ್ತಾರಂತೆ.

ನಮ್ಮೂರನ್ನೂ ಸೇರಿಸಿ ಎಂದರು. ಸೇರಿಸಿದೆವು.
ಮೇಲಿನ ಸಾಲು ಹ್ಯಾಸ್ಪ್: ಬಾಗಿಲ ಕೊಂಡಿ, ಚಿಲಕ.
ಕೆಳಗೆ ಹ್ಯಾಸಲ್: ತಾಪತ್ರಯ.
ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಅಮ್ಮನ ಊರಿಗೆ
ಪಕ್ಕದಲ್ಲೇ ಚಿಲಕ! ಶೆಟ್ಟರು ನಕ್ಕೂ ನಕ್ಕೂ
ನಶ್ಯದ ಡಬ್ಬಿ ಕೆಡವಿದರು.
ನಮ್ಮ ಅಕಾರಾದಿಯಲ್ಲಾದರೆ, ನಾನೆಂದೆ,
ಹಾಸದ ಕೆಳಗೆ ಹಾಸನ, ಹಾಸನದ ಕೆಳಗೆ ಹಾಸಿಗೆ.
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.
ಮೊಳೆ ಜೋಡಿಸುತ್ತಿದ್ದ ಮಾರ್ಟಿನ್ ತಲೆ ಎತ್ತಲಿಲ್ಲ,
ಕಿವಿ ಮಾತ್ರ ಕೆಂಪಗಾಯಿತು.

ಅವನ ಕೈಯಲ್ಲಿ ಪದಗಳು
ಕನ್ನಡಿಯೊಳಗಿನ ಹಾಗೆ ತಿರುಗಿ ಕೂತಿರುತ್ತಿದ್ದವು.
ನನ್ನ ಬಳಿ ಬರುವಾಗ ನೆಟ್ಟಗೆ, ಮಸಿ ಆರದೆ.
ಗ್ರೇವ್ ಗೋರಿ, ಗ್ರೇವಿ ಗೊಜ್ಜು,
ನಡುವೆ ಮೂರೇ ಸಾಲು.
ಹೀರೋನ ನೆರೆಯಲ್ಲಿ ಒಂದು ಕೊಕ್ಕರೆ.
ಕಿಸ್‌ಗೆ ಮುತ್ತು ಎಂದು ಬರೆದಿದ್ದೆ. ಬೇಡ ಎಂದರು ಶೆಟ್ಟರು,
ಚಿನಿವಾರರ ಮಕ್ಕಳು ಮಣಿ ಎಂದುಕೊಂಡಾರು,
ಚುಂಬನ ಇರಲಿ, ಸಂಸ್ಕೃತಕ್ಕೆ ಮಾನ ಹೆಚ್ಚು.
ಅದರಿಂದ ಸ್ವಲ್ಪ ಕೆಳಗೆ ಅಡುಗೆಮನೆ,
ಅದರಾಚೆ ಗಾಳಿಪಟ.

ಚಳಿಗಾಲಕ್ಕೆ ಎಂ ಅಕ್ಷರಕ್ಕೆ ಬಂದೆವು.
ಮ್ಯಾರೇಜ್: ಮದುವೆ.
ಮ್ಯಾರೋ: ಮೂಳೆಯೊಳಗಿನ ಮಜ್ಜೆ.
ಮ್ಯಾರಿ: ಮದುವೆಯಾಗು.
ಮಾರ್ಸ್: ಮಂಗಳ, ಅಂಗಾರಕ, ಕುಜ.
ನನ್ನ ಪೆನ್ಸಿಲ್ ಅಲ್ಲೇ ನಿಂತಿತು.

ಏಳನೆಯ ಮನೆಯಲ್ಲಿ ಕುಜ, ನನ್ನ ಜಾತಕ ಅಷ್ಟೆ.
ಅರಕಲಗೂಡಿನಿಂದ ಬಂದವರು, ಕಡೂರಿನಿಂದ ಬಂದವರು
ಉಪ್ಪಿಟ್ಟು ತಿಂದು, ಪಂಚಾಂಗ ತಿರುವಿ,
ಚಪ್ಪಲಿ ಹುಡುಕಿಕೊಂಡು ಹೋಗಿದ್ದರು.
ರಾತ್ರಿ ಅಮ್ಮನಿಗೆ ಆ ಪುಟ ಓದಿ ಹೇಳಿದೆ.
ನೋಡಿದೆಯಾ ಅಲಮೇಲು, ಎಂದಳು,
ಆ ಬಿಳಿಯರೂ ತಿಳಿದೇ ಬರೆದಿಟ್ಟಿದ್ದಾರೆ.

ಕುಜನ ಕೆಳಗಿನದನ್ನು ಓದಿ ಹೇಳಲಿಲ್ಲ.
ಮಾರ್ಷ್: ಜೌಗು.
ಮಾರ್ಷಲ್: ದಂಡನಾಯಕ.
ಮಾರ್ಟ್: ಅಂಗಡಿ.
ಮಾರ್ತಾ: ಹೆಂಗಸಿನ ಹೆಸರು.
ಮಾರ್ಟಿನ್: ಕವಲುಬಾಲದ ಸಣ್ಣ ಹಕ್ಕಿ; ಗಂಡಸಿನ ಹೆಸರು.

ಒಂದು ಸಾಲು ಕಿತ್ತು ಮೇಲಕ್ಕಿಡುವುದು ಅವನಿಗೆಷ್ಟರ ಕೆಲಸ?
ಸ್ಥಳ ಬದಲಿಸಿ ಎಂದು
ಅಂಚಿನಲ್ಲಿ ನಾನು ಬರೆದಿದ್ದರೆ ಸಾಕಿತ್ತು.
ಬರೆಯಲಿಲ್ಲ. ಅಕಾರಾದಿ ತಪ್ಪಿದ ನಿಘಂಟನ್ನು
ಪೊಟ್ಟಣ ಕಟ್ಟುವುದಕ್ಕೂ ಯಾರೂ ಕೇಳುವುದಿಲ್ಲ.
ಅವನೂ ಆ ಗ್ಯಾಲಿಯನ್ನು ಎರಡು ದಿನ
ಹಾಗೇ ದಾರ ಕಟ್ಟಿ ಇಟ್ಟಿದ್ದ, ಯಾಕೋ.

ಈಸ್ಟರ್ ಕಳೆದ ಮೇಲೆ ಅವನ ಲಗ್ನಪತ್ರಿಕೆ
ನಮ್ಮಲ್ಲೇ ಅಚ್ಚಾಯಿತು. ಕರಡು ನನ್ನ ಮೇಜಿಗೇ ಬಂತು.
ಹುಡುಗಿ ಸಕಲೇಶಪುರದವಳು.
ಹೆಸರು ಓದುವ ಮೊದಲೇ ನನಗೆ ಗೊತ್ತಿತ್ತು,
ನಮ್ಮಿಬ್ಬರ ನಡುವಿನ ಸಾಲುಗಳನ್ನು
ಬಾಯಿಪಾಠ ಮಾಡಿದ್ದೆನಲ್ಲ.
ಮಾರ್ತ ಎಂದು ಹಾಕಿದ್ದ, ದೀರ್ಘ ಬಿಟ್ಟಿತ್ತು.
ಸೇರಿಸಿದೆ.
ಅಲಮೇಲಮ್ಮೋರೇ, ಇನ್ನೇನಾದರೂ ತಪ್ಪುಂಟಾ? ಎಂದ.
ಇಲ್ಲ ಎಂದೆ.

ಎಂನ ಕೊನೆಯ ಕರಡಿನ ಕೊನೆಯ ಪದ
ಮಿತ್: ಕಟ್ಟುಕಥೆ.
ಅದಾದ ವಾರಕ್ಕೆ ಶೆಟ್ಟರು ಹೋದರು.
ಮಕ್ಕಳು ಮೊಳೆಗಳನ್ನೆಲ್ಲ ಸೀಸದ ತೂಕಕ್ಕೆ ಮಾರಿದರು,
ಅ ಯಾವುದು ಎ ಯಾವುದು ನೋಡದೆ, ಒಂದೇ ಗೋಣಿಯಲ್ಲಿ.

ಎನ್ ಬರಲೇ ಇಲ್ಲ.
ನೇಬರ್ ಎಂಬ ಪದಕ್ಕೆ ನಾನಾಗಲೇ ಚೀಟಿ ಬರೆದಿಟ್ಟಿದ್ದೆ:
ನೆರೆಯವ, ಪಕ್ಕದವ,
ಒಂದೇ ಗೋಡೆಗೆ ಆಚೆಯಿಂದ ಮೊಳೆ ಹೊಡೆಯುವವ.
ಶೆಟ್ಟರಿದ್ದಿದ್ದರೆ ಗದರುತ್ತಿದ್ದರು,
ಅರ್ಥ ಉದ್ದವಾಯಿತು, ಒಂದು ಸಾಲು ಕಡಿ ಎಂದು.