ಬಸ್ಸು ಎಷ್ಟು ತುಂಬಿದೆ

ಗೋಡೆಯ ಚಾರ್ಟಿನಲ್ಲಿ ಆರು ಮುಖ,
ನಗುವುದರಿಂದ ಹಿಡಿದು ಅಳುವುದರವರೆಗೆ.
ನೋವೆಷ್ಟು, ಬೆರಳಿಟ್ಟು ತೋರಿಸು ಎಂದರೆ
ತೀರ್ಥೇಶ ತೋರಿಸಲಿಲ್ಲ.
"ಇವ್ರ್ಯಾರೂ ನನ್ನಂಗಿಲ್ಲ ಸಿಸ್ಟರ್."
ಆಮೇಲೆ ಅವನೇ ಒಂದು ಅಳತೆ ಕೊಟ್ಟ.
ಅಪ್ಪ ಹಾಸನ–ಬೇಲೂರು ಬಸ್ಸಿನ ಕಂಡಕ್ಟರು.
ಸೀಟು ಖಾಲಿಯಿದ್ದರೆ ಸ್ವಲ್ಪ ನೋವು,
ಜನ ನಿಂತಿದ್ದರೆ ಜಾಸ್ತಿ,
ಫುಟ್‌ಬೋರ್ಡಿನಲ್ಲಿ ಜೋತಾಡುತ್ತಿದ್ದರೆ
ಡಾಕ್ಟರಿಗೆ ಫೋನ್ ಮಾಡಬೇಕು.

ರಾತ್ರಿ ಎರಡೂವರೆಗೆ ಫುಟ್‌ಬೋರ್ಡು ತುಂಬಿತು.
ಮಾರ್ಫಿನ್ ಕಪಾಟಿಗೆ ಎರಡು ಬೀಗ.
ಒಂದರ ಬೀಗದಕೈ ನನ್ನ ಜೇಬಿನಲ್ಲಿ,
ಇನ್ನೊಂದು ವಿದ್ಯಾನಗರದಲ್ಲಿ, ನಿದ್ದೆಹೋದ ಯಾರದೋ ದಿಂಬಿನ ಪಕ್ಕ.
ಫೋನು ಹೊಡೆದುಕೊಳ್ಳುತ್ತಲೇ ಇತ್ತು.
ನಲವತ್ತು ನಿಮಿಷ ನಾನು ಮಾಡಿದ್ದು ಇಷ್ಟೆ:
ಮಂಡಿಯಡಿ ದಿಂಬಿಟ್ಟೆ, ತೆಗೆದೆ, ಮತ್ತೆ ಇಟ್ಟೆ,
ಒದ್ದೆ ಹತ್ತಿಯಲ್ಲಿ ತುಟಿ ಒರೆಸಿದೆ,
ಕಿವಿಯ ಬಳಿ ಮೆಲ್ಲಗೆ ಕೂಗಿದೆ:
ಒಳಗೆ ಬನ್ನಿ, ಒಳಗೆ ಬನ್ನಿ, ರೈಟ್, ರೈಟ್.
ವಾರ್ಡಿನಲ್ಲಿ ಇನ್ನೂ ಇಪ್ಪತ್ತಾರು ಮಕ್ಕಳು.
ನಾನೊಬ್ಬಳು.

ಹಾಸಿಗೆಯ ಮೂಲೆ ಮಡಚುವುದನ್ನು
ಹನ್ನೊಂದು ಸಲ ಬಿಚ್ಚಿಸಿ ಕಲಿಸಿದ್ದರು ಜಸಿಂತಾ ಮೇಡಂ.
ಮಗು ಕೇಳಿದರೆ ಏನನ್ನಬೇಕೆಂದು
ಒಂದು ಸಲವೂ ಇಲ್ಲ.

ತೂಕ ಇಳಿದ ಹಾಗೆ ಡೋಸು ಮತ್ತೆ ಲೆಕ್ಕ ಹಾಕಬೇಕು.
ಹತ್ತೊಂಬತ್ತು ಕೇಜಿ. ಹದಿನೇಳೂವರೆ.
ರಿಜಿಸ್ಟರಿನ ಅಂಚಿನಲ್ಲಿ ನನ್ನ ಭಾಗಾಕಾರ.
ಮನೆಯಲ್ಲಿ ಮಗಳೂ ಈಗ ಅದನ್ನೇ ಕಲಿಯುತ್ತಿದ್ದಾಳೆ,
ಶೇಷ ಉಳಿದರೆ ಅಳುತ್ತಾಳೆ.

ಕಾರಿಡಾರಿನಲ್ಲಿ ಅವನ ತಾಯಿ ಕೈಹಿಡಿದು
ಆಣೆ ಹಾಕಿಸಿಕೊಂಡಳು: "ಅವನಿಗೆ ಗೊತ್ತಾಗ್ಬಾರ್ದು."
ಮಾರನೇ ದಿನ, ಅವಳು ಫ್ಲಾಸ್ಕ್ ಹಿಡಿದು ಕೆಳಗೆ ಹೋದಾಗ,
"ನಂಗೊತ್ತು. ಅಮ್ಮಂಗೆ ಹೇಳ್ಬೇಡಿ" ಎಂದ ಅವನು.
ಎರಡೂ ಮಾತು ನನ್ನಲ್ಲೇ ಇವೆ,
ಒಂದೇ ಜೇಬಿನಲ್ಲಿ, ಬೀಗದಕೈಯ ಜೊತೆ.

ಶುಕ್ರವಾರ ಬೆಳಗಿನ ಜಾವ ಕೇಳಿದೆ,
ಬಸ್ಸು ಎಷ್ಟು ತುಂಬಿದೆಯೋ?
ಕಣ್ಣು ತೆರೆಯದೆ ಅಂದ:
"ಯಾರೂ ಇಲ್ಲ. ಡಿಪೋಗೆ ಹೋಗ್ತಿದೆ."
ನೋವಿನ ಕಾಲಮಿನಲ್ಲಿ ಸೊನ್ನೆ ಬರೆದೆ.
ಅಪ್ಪ ಯೂನಿಫಾರ್ಮಿನಲ್ಲೇ ಬಂದ. ಚರ್ಮದ ಬ್ಯಾಗು ಇನ್ನೂ ಹೆಗಲಲ್ಲಿತ್ತು,
ಚಿಲ್ಲರೆ ಸದ್ದಾಗದಂತೆ ಒತ್ತಿಹಿಡಿದಿದ್ದ.

ಡ್ಯೂಟಿ ಮುಗಿದಾಗ ಹತ್ತು ಗಂಟೆ.
ಸ್ಟ್ಯಾಂಡಿನಲ್ಲಿ ಆಲೂರಿನ ಬಸ್ಸು ಖಾಲಿ ನಿಂತಿತ್ತು.
ಹತ್ತಲಾಗಲಿಲ್ಲ.
ಮುಂದಿನದಕ್ಕೆ ಕಾದೆ. ಹೂವಿನ ಬುಟ್ಟಿ, ಕಾಲೇಜು ಹುಡುಗಿಯರು,
ಒಬ್ಬಳ ಮೊಣಕೈ ನನ್ನ ಪಕ್ಕೆಗೆ.
ಆಧಾರ್ ತೋರಿಸಿದೆ.
ಕಂಡಕ್ಟರು ಟಿಕೆಟ್ ಹರಿದುಕೊಟ್ಟ.
ಹೆಂಗಸರಿಗೆ ಈಗ ಕಾಸಿಲ್ಲ ನೋಡಿ,
ಮೊತ್ತದ ಜಾಗದಲ್ಲಿ ಸೊನ್ನೆ.