ಸೈಕಲ್ಲಿನ ಮೇಲಿಂದ

ರೊಟ್ಟಿ ತಟ್ಟುತ್ತಲೇ ಕೇಳಿದಳು ಸಫೂರಾ,
ಮುಖ ಈ ಕಡೆ ತಿರುಗಿಸದೆ:
"ಮಾಮು, ಖರೆ ಹೇಳ್ರಿ. ನಾ ತಯಾರ ಆಗೀನೋ ಇಲ್ಲೋ?"

ಯಾರನ್ನು ಕೇಳುತ್ತಾಳೆ ನೋಡಿ.
ಅರವತ್ತೆಂಟು ವರ್ಷದಲ್ಲಿ ನಾನು ಓಡಿದ್ದು ಮೂರೇ ಸಲ:
ಎರಡು ಸಲ ನಾಯಿಗೆ ಹೆದರಿ,
ಒಂದು ಸಲ ಹೈದರಾಬಾದ್ ಬಸ್ಸಿನ ಹಿಂದೆ.
ಅದೂ ಸಿಗಲಿಲ್ಲ.

ನನಗೆ ಗೊತ್ತಿರುವ ತಯಾರಿ ಒಂದೇ.
ಬಿಸಿಲು ಮಳೆ ಕಾಣದ ಕೋಟೆ ಮೂಲೆಯ ಮಣ್ಣು
ಚಿಟಿಕೆಯಷ್ಟು ನಾಲಿಗೆಗಿಟ್ಟು ಕಣ್ಣು ಮುಚ್ಚುತ್ತೇನೆ.
ಚುರ್ ಅಂದರೆ ಸರಿ, ಹೂಜಿ ಕಪ್ಪಾದೀತು.
ಸಪ್ಪೆಯಾದರೆ ಉಗುಳಿ ಇನ್ನೊಂದು ಮೂಲೆ ಕೆದಕುತ್ತೇನೆ.
ಸೊಸೆಯನ್ನು ಯಾವ ನಾಲಿಗೆಯ ಮೇಲಿಡಲಿ?

ಆಶಾ ಕೆಲಸದವಳು. ಪೋಲಿಯೊ ಡಬ್ಬ ಹೆಗಲಿಗೆ ಹಾಕಿ
ಹಳೇ ಊರಿನ ಓಣಿ ಓಣಿ ತಿರುಗಿದ ಕಾಲು ಅವು.
ನಡಿಗೆ ಹೊಸದಲ್ಲ.
ಆದರೆ ನಡೆವಾಗ ಒಂದು ಕಾಲಾದರೂ ನೆಲದಲ್ಲಿರುತ್ತದೆ,
ಓಡುವಾಗ ನಡುನಡುವೆ ಎರಡೂ ಇರುವುದಿಲ್ಲ.
ಅದನ್ನು ಕಂಡಾಗಲೆಲ್ಲ
ನನ್ನ ಕೈ ತಾನಾಗಿ ಬ್ರೇಕ್ ಹಿಡಿಯುತ್ತದೆ.

ಹನ್ನೊಂದು ವಾರ ಆಯಿತು.
ನಸುಕಿಗೆ, ರಾತ್ರಿಯೆಲ್ಲ ಆಟೋ ಹೊಡೆದು ಬಂದ ಮಗ ಮಲಗಿದ ಮೇಲೆ,
ಅವಳು ಬೂಟಿನ ಲೇಸು ಕಟ್ಟುತ್ತಾಳೆ, ನಾನು ಸೈಕಲ್ ಇಳಿಸುತ್ತೇನೆ.
ಕೋಟೆ ಕಂದಕದ ರಸ್ತೆ, ಚೌಬಾರಾ, ಅಲ್ಲಿಂದ ವಾಪಸ್.
"ಒಬ್ಬಳನ್ನ ಬಿಡೂದಿಲ್ಲ" ಅಂದದ್ದು ಆಗ
ಓಣಿಯ ಬಾಯಿಗೆ ಹೆದರಿ.
ಈಗ ಅದಕ್ಕಲ್ಲ.

ಮೊದಲ ವಾರ, ದಾರಿಯಲ್ಲಿ ಸುಮ್ಮನೆ ಕೇಳಿದ್ದೆ:
ಬದನೆಕಾಯಿ ಎಷ್ಟಕ್ಕ ತಂದಿ?
"ನಲ... ವತ್ತು."
ಅಷ್ಟಕ್ಕೇ ಕರೆಂಟ್ ಕಂಬ ಹಿಡಿದು ನಿಂತಳು.
ಐದನೇ ವಾರ: "ನಲವತ್ತಕ್ಕ ಕೊಟ್ಟ, ಅದರಾಗ ಎರಡು ಹುಳಕ."
ಮೊನ್ನೆ, ಚೌಬಾರಾದ ಏರು ಹತ್ತುತ್ತ,
ದವಾಖಾನೆಯ ದೊಡ್ಡ ಬಾಯಿ ರಿಜಿಸ್ಟರ್ ಎಸೆದದ್ದು,
ಇವಳು ತಿರುಗಿ ಅಂದದ್ದು,
ಆಕೆಯ ಮೂಗಿನ ದನಿಯ ಅಣಕ ಸಮೇತ;
ನಡುವೆ ನನಗೂ ಒಂದು:
"ಸರಸ್ರಿ ಮಾಮು, ಗಾಲಿ ಕಾಲಿಗೆ ಬರ್ಲಕತ್ತದ."
ಕಥೆಗಿಂತ ಮೊದಲು ಉಸಿರು ಮುಗಿದದ್ದು ನನ್ನದು.

ನಾಲಿಗೆಗೆ ಚುರ್ ಅಂದ ಹಾಗಾಯಿತು.
ಆದರೂ

ಇಳಿಜಾರಿನಲ್ಲಿ ಎಡ ಮೊಣಕಾಲು ಸ್ವಲ್ಪ ಹೊರಕ್ಕೆ ಬೀಳುತ್ತದೆ.
ಒಂದೇ ಏಟಿಗೆ ಎಂಟು ಕಿಲೋಮೀಟರ್ ಮೇಲೆ ಓಡಿಲ್ಲ.
ನೌಬಾದಿಗೆ ಹೋಗಿ ಬಂದರೆ ಹತ್ತು.
ಉಳಿದ ಎರಡು ಎಲ್ಲಿವೆ?
ಅವಳ ಕಾಲಲ್ಲಿ ಬಂದು ಕೂತಿವೆಯೋ,
ಇನ್ನೂ ರಸ್ತೆಯಲ್ಲೇ ಬಿದ್ದಿವೆಯೋ?

ನಲವತ್ತೈದು ವರ್ಷದಿಂದ ಬೆಳ್ಳಿ ತಂತಿ ಕೂರಿಸುತ್ತಿದ್ದೇನೆ.
ರುಚಿ ನೋಡದ ಮಣ್ಣನ್ನು ಒಂದು ದಿನವೂ ಕುದಿಸಿದವನಲ್ಲ.
ಆದರೂ ಕುದಿನೀರಿನಿಂದ ಹೂಜಿ ಎತ್ತುವಾಗ
ಇವತ್ತಿಗೂ ಮುಖ ಆ ಕಡೆ ತಿರುಗುತ್ತದೆ.
ಕೆಲಸ ಕಲಿಯುವ ಹುಡುಗರೇ ನೋಡಿ ಹೇಳಬೇಕು,
"ಆಗ್ಯಾದ ಉಸ್ತಾದ್, ಕಪ್ಪಾಗ್ಯಾದ."

ಇದನ್ನೆಲ್ಲ ಒಂದು ರೊಟ್ಟಿ ಬೇಯುವಷ್ಟರಲ್ಲಿ
ಹೇಗೆ ಹೇಳುವುದು?
"ಬದನೆಕಾಯಿ ಎಷ್ಟಕ್ಕ ತಂದಿ?" ಅಂದೆ.
ನಕ್ಕಳು. ಹಿಟ್ಟಿನ ಕೈಯಲ್ಲೇ
ಗೂಡಿನಿಂದ ನಂಬರಿನ ಚೀಟಿ ತೆಗೆದು ಎದೆಗೆ ಹಿಡಿದಳು.
ನಾನೂರ ಹದಿನೇಳರ ಏಳಕ್ಕೆ
ಜೋಳದ ಹಿಟ್ಟಿನ ಹೆಬ್ಬೆರಳು ಬಿತ್ತು.

ಓಟದ ದಾರಿಯೊಳಗೆ ಸೈಕಲ್ ಬಿಡುವುದಿಲ್ಲವಂತೆ.
ಗೊತ್ತಿದ್ದೂ ಅಂಗಳಕ್ಕೆ ಬಂದು
ಚೈನಿಗೆ ಎಣ್ಣೆ ಬಿಟ್ಟೆ, ಬ್ರೇಕ್ ಬಿಗಿ ಮಾಡಿದೆ,
ಸ್ಟ್ಯಾಂಡಿಗೆ ನಿಲ್ಲಿಸಿ
ಎಷ್ಟೋ ಹೊತ್ತು ಪೆಡಲ್ ತಿರುಗಿಸುತ್ತ ಕೂತೆ.
ಹಿಂದಿನ ಗಾಲಿ ನೆಲ ಮುಟ್ಟದೆ ಓಡಿತು.