ಎಲೆಯಂಥದ್ದು

ಟ್ರಾಬ್ಜೋನಿನ ಆಸ್ಪತ್ರೆಯ ನೆಲಮಾಳಿಗೆ.
ನನ್ನ ಬಳಿಗೆ ಹೆಂಗಸರು ಬರುವುದಿಲ್ಲ,
ಅವರ ಚೂರುಗಳು ಬರುತ್ತವೆ,
ಮೇಣದಲ್ಲಿ ಹೂತು, ಗುಲಾಬಿ ನೇರಳೆ ಬಣ್ಣ ಕುಡಿದು,
ಗಾಜಿನ ಮೇಲೆ ಕೂದಲೆಳೆಗಿಂತ ತೆಳ್ಳಗೆ.

ಜೊತೆಗೊಂದು ಚೀಟಿ. ಈ ಸೀಮೆಯವರು ಗಂಟನ್ನು ಅಳೆಯುವುದು
ಗುಡ್ಡ ಕಡಲುಗಳ ಲೆಕ್ಕದಲ್ಲೇ:
ಹೇಜಲ್‌ನಟ್ಟಿನಷ್ಟು, ಜೋಳದ ಕಾಳಷ್ಟು,
ಒಬ್ಬಾಕೆ ಬರೆಸಿದ್ದಳು, 'ಹಮ್ಸಿ ಮೀನಿನ ತಲೆಯಷ್ಟು'.

ಇಂದು ಬೆಳಿಗ್ಗೆ ಎರಡು.
ಮೊದಲನೆಯದು ನೆಜಾಹತ್‌ಳದು, ಅಂಚೆ ಕಚೇರಿಯವಳು.
ಹೇಜಲ್‌ನಟ್ಟಿನಷ್ಟೇ. ನಾಳ ಒಡೆದು ಹೊರಬಿದ್ದ ಕೋಶಗಳು,
ದಿನಕ್ಕೆ ಮೂರು ಸಲ ಕಾಣುವ ಮುಖ.
ಇದಕ್ಕೆ ಎಷ್ಟೋ ಜನ ನಡೆದು ಸವೆಸಿದ ದಾರಿಯಿದೆ,
ನೂರರಲ್ಲಿ ಎಷ್ಟು ಮಂದಿ, ಎಷ್ಟು ವರ್ಷ,
ಕೋಷ್ಟಕದ ಮೇಲೆ ಬೆರಳಿಟ್ಟು ಹೇಳಬಹುದು.
ಕೆಟ್ಟದ್ದೇ. ಆದರೆ ಗುರುತಿನ ಕೆಟ್ಟದ್ದು.

ಎರಡನೆಯದು ಗ್ಯುಲಿಜಾರ್‌ಳದು.
'ಕಿತ್ತಳೆಯಷ್ಟು. ಮೇ ತಿಂಗಳ ಕೊಯ್ಲಿಗೆ ಇರಲಿಲ್ಲ.'
ಕಣ್ಣಿಟ್ಟೆ. ಸೀಳಿನೊಳಕ್ಕೆ ಚಾಚಿದ ಎಲೆ,
ಎಲೆಯ ಬೆನ್ನಿಗೆ ಎಲೆ.
ಗ್ರೀಕರ ಮಾತಿನಲ್ಲಿ ಅದರ ಹೆಸರೂ ಅದೇ, ಫಿಲೋಡಿಸ್:
ಎಲೆಯಂಥದ್ದು.
ನೂರಕ್ಕೊಂದೂ ಇಲ್ಲ. ನನ್ನ ಪುಸ್ತಕದಲ್ಲಿ ಅರ್ಧ ಪುಟ.
ಒಡೆಯುತ್ತಿರುವ ಕೋಶಗಳನ್ನು ಎಣಿಸಿದೆ, ಹತ್ತು ಕ್ಷೇತ್ರಗಳಲ್ಲಿ:
ನಾಲ್ಕು.
ಮತ್ತೆ ಎಣಿಸಿದೆ. ಐದು.
ನಾಲ್ಕಾದರೆ ಸಾಧು, ಐದಾದರೆ ನಡುವಿನದು.
ಒಂದೇ ಒಂದು ಕೋಶದ ಮೇಲೆ ನಿಂತಿದೆ ವರದಿಯ ಪದ;
ಅದು ಒಡೆಯುತ್ತಿತ್ತೋ, ಸಾಯುತ್ತಿತ್ತೋ,
ಗಾಜಿನಲ್ಲಿ ಎರಡೂ ಒಂದೇ ಕಪ್ಪು.

ಮಧ್ಯಾಹ್ನ ಅವಳೇ ಇಳಿದು ಬಂದಳು, ಯಾರು ಬಿಟ್ಟರೋ,
ರಿಜ಼ೆಯ ಗುಡ್ಡದವಳು,
ಚೀಲ ಕಟ್ಟಿದ ಕತ್ತರಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು.
'ನನ್ನದನ್ನು ನಾನು ನೋಡಬೇಕು.'
ಕುರ್ಚಿ ಬಿಟ್ಟುಕೊಟ್ಟೆ. ಫೋಕಸ್ ತಿರುಗಿಸಿದೆ.
ಬಹಳ ಹೊತ್ತು ಸುಮ್ಮನಿದ್ದಳು.
'ಯಾರೂ ಕೊಯ್ಯದೆ ಬಿಟ್ಟ ಚಹಾ ತೋಟ ಇದು.'
ಆಮೇಲೆ, 'ಕತ್ತರಿಸಿದರೆ ಮತ್ತೆ ಬರುತ್ತದಾ?
ನಾವು ಕತ್ತರಿಸುವುದೇ ಮತ್ತೆ ಬರಲಿ ಅಂತ.'

ಅಂಚಿನ ಮಾತು ಹೇಳಿದೆ:
ಸುತ್ತ ಒಂದಿಷ್ಟು ಒಳ್ಳೆಯ ಮಾಂಸ ಸೇರಿಸಿ ತೆಗೆಯುತ್ತಾರೆ,
ಆ ಅಂಚಿಗೆ ನಾನು ನೀಲಿ ಶಾಯಿ ಬಳಿಯುತ್ತೇನೆ,
ಎಲೆ ಶಾಯಿಯನ್ನು ಮುಟ್ಟಿರದಿದ್ದರೆ,
ಬಹುಶಃ.

ಆ 'ಬಹುಶಃ'ವನ್ನು
ತಕ್ಕಡಿ ನಂಬದ ಗಿರಾಕಿಯಂತೆ ಕೈಯಲ್ಲೇ ತೂಗಿ ನೋಡಿ,
ಪಕ್ಕದ ಗಾಜು ತೋರಿಸಿದಳು. 'ಅದು ಯಾರದು?'
ಹೇಳುವಂತಿಲ್ಲ, ಅಂದೆ.
'ಅವಳಿಗೂ ಎಲೆಯೇ?'
ಅಲ್ಲ. ಅವಳದು ಎಲ್ಲರಿಗೂ ಬರುವಂಥದ್ದು.
'ಪಾಪ,' ಅಂದಳು,
'ಹಾಗಂತ ಅವಳಿಗೆ ಹೇಳಬೇಡಿ.'

ಮೆಟ್ಟಿಲು ಹತ್ತಿ ಹೋದಳು.
ಕುರ್ಚಿ ಇನ್ನೂ ಬೆಚ್ಚಗಿತ್ತು,
ಮೂರನೆಯ ಸಲ ಎಣಿಸಲು ಕುಳಿತೆ.